ಒಂದು ದಿನಕ್ಕೆ ಕಿಲ್ಕೆನ್ನಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಐರ್ಲೆಂಡ್‌ನಲ್ಲಿ ಓದುತ್ತಿರುವ ನಮ್ಮ ಓದುಗರಿಂದ ಬಂದ ಪತ್ರಗಳಲ್ಲಿ ಕಿಲ್ಕೆನ್ನಿ ಎಂಬ ಪುಟ್ಟ ನಗರದ ವಿಚಾರ ಮತ್ತೆ ಮತ್ತೆ ಬಂದಿರುವುದರಿಂದ ಈ ಸಂಚಿಕೆಯ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಾನು ಡಬ್ಲಿನ್‌ನಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿ. ಪರೀಕ್ಷೆಗಳು ಶುರುವಾಗುವ ಮೊದಲು ಒಂದು ದಿನ ಬಿಡುವು ಮಾಡಿಕೊಂಡು ಕಿಲ್ಕೆನ್ನಿಗೆ ಹೋಗಿಬರಬೇಕೆಂದಿದ್ದೇನೆ. ವಿಕ್ಲೋ ಬೆಟ್ಟಗಳು, ಗ್ಲೆಂಡಲಾಕ್ ಮತ್ತು ಕಿಲ್ಕೆನ್ನಿಯನ್ನು ಒಂದೇ ದಿನದಲ್ಲಿ ತೋರಿಸುವ ಪ್ರವಾಸಿ ಬಸ್ಸಿನಲ್ಲಿ ಹೋಗುವುದು ಒಳ್ಳೆಯದೋ, ನಾನೇ ರೈಲು ಹತ್ತಿ ಹೋಗುವುದು ಒಳ್ಳೆಯದೋ? ಅಲ್ಲಿ ಯಾವುದನ್ನು ತಪ್ಪದೆ ನೋಡಬೇಕು, ಯಾವುದನ್ನು ಬಿಟ್ಟರೂ ನಡೆದೀತು?

ಉತ್ತರ: ರೈಲು ಹತ್ತಿ. ಮೂರು ಜಾಗಗಳನ್ನು ಒಂದೇ ದಿನದಲ್ಲಿ ಸುತ್ತಿಸುವ ಬಸ್ಸುಗಳ ಬಗ್ಗೆ ನನಗೆ ದ್ವೇಷವೇನೂ ಇಲ್ಲ. ಸ್ವಂತ ವಾಹನವಿಲ್ಲದವರಿಗೆ ಗ್ಲೆಂಡಲಾಕ್ ಕಣಿವೆಯನ್ನು ತಲುಪಲು ಅವು ಅನುಕೂಲವೇ. ಆದರೆ ಅಂಥ ಪ್ರವಾಸದಲ್ಲಿ ಕಿಲ್ಕೆನ್ನಿಯ ಪಾಲಿಗೆ ಸಿಗುವುದು ಕೆಲವೇ ತಾಸುಗಳು, ಅದರಲ್ಲೂ ಊಟಕ್ಕೆ ಒಂದಿಷ್ಟು ಹೋಗುತ್ತದೆ. ಉಳಿದ ಹೊತ್ತಿನಲ್ಲಿ ಕೋಟೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಮರಳುವುದಷ್ಟೇ ಸಾಧ್ಯ. ಕಿಲ್ಕೆನ್ನಿಯ ಸ್ವಾರಸ್ಯವಿರುವುದು ಕೋಟೆಯೊಂದರಲ್ಲೇ ಅಲ್ಲ. ಒಂದು ತುದಿಯಲ್ಲಿ ಆಳುವವರ ಕೋಟೆ, ಇನ್ನೊಂದು ತುದಿಯಲ್ಲಿ ಬಿಷಪ್ಪನ ಕೆಥೆಡ್ರಲ್, ನಡುವೆ ವರ್ತಕರ ಬೀದಿ, ಹೀಗೆ ಮಧ್ಯಯುಗದ ಒಂದು ಊರಿನ ಪೂರ್ತಿ ವಿನ್ಯಾಸ ಸುಮಾರು ಒಂದು ಮೈಲಿಯೊಳಗೆ ಉಳಿದುಬಂದಿರುವುದರಲ್ಲಿದೆ. ಅದನ್ನು ಕಾಲ್ನಡಿಗೆಯಲ್ಲಿ, ಅವಸರವಿಲ್ಲದೆ ನೋಡಿದರೆ ಮಾತ್ರ ಊರು ಅರ್ಥವಾಗುತ್ತದೆ.

ಡಬ್ಲಿನ್‌ನ ಹ್ಯೂಸ್ಟನ್ ನಿಲ್ದಾಣದಿಂದ ಸುಮಾರು ಒಂದೂವರೆ ತಾಸಿನ ಪ್ರಯಾಣ. ನಗರದ ನಡುವಿನಿಂದ ಲೂವಾಸ್ ಟ್ರಾಮಿನ ಕೆಂಪು ಮಾರ್ಗ ನಿಮ್ಮನ್ನು ನಿಲ್ದಾಣದ ಬಾಗಿಲಿಗೇ ಬಿಡುತ್ತದೆ. ಫಲಕದಲ್ಲಿ ಕಿಲ್ಕೆನ್ನಿ ಎಂದು ಹುಡುಕಬೇಡಿ, ವಾಟರ್‌ಫೋರ್ಡ್ ಎಂದು ಹುಡುಕಿ. ಆ ರೈಲೇ ಕಿಲ್ಡೇರ್, ಅಥೈ, ಕಾರ್ಲೋ ಊರುಗಳನ್ನು ಹಾದು ಕಿಲ್ಕೆನ್ನಿಗೆ ಬರುತ್ತದೆ. ಮರಳುವಾಗ ಇನ್ನೊಂದು ಎಚ್ಚರಿಕೆ ಬೇಕು. ಕಿಲ್ಕೆನ್ನಿ ನಿಲ್ದಾಣದಲ್ಲಿ ಹಳಿ ಮುಂದೆ ಹೋಗುವುದಿಲ್ಲ. ಬಂದ ರೈಲು ದಿಕ್ಕು ಬದಲಿಸಿ, ಬಂದ ಕಡೆಯಿಂದಲೇ ಹೊರಬಿದ್ದು, ಆಮೇಲೆ ವಾಟರ್‌ಫೋರ್ಡ್ ಕಡೆಗೆ ತಿರುಗುತ್ತದೆ. ಹೀಗಾಗಿ ಡಬ್ಲಿನ್‌ಗೆ ಹೋಗುವ ರೈಲೂ ವಾಟರ್‌ಫೋರ್ಡ್‌ಗೆ ಹೋಗುವ ರೈಲೂ ಒಂದೇ ದಿಕ್ಕಿಗೆ ಹೊರಡುತ್ತವೆ. ರೈಲು ಯಾವ ಕಡೆಗೆ ಮುಖ ಮಾಡಿ ನಿಂತಿದೆ ಎಂಬುದನ್ನು ನೋಡಿ ಊಹಿಸದೆ ಫಲಕ ಓದಿಯೇ ಹತ್ತಬೇಕು. ಹ್ಯೂಸ್ಟನ್, ಕಿಲ್ಕೆನ್ನಿ ಎರಡೂ ನಿಲ್ದಾಣಗಳು ಬ್ರಿಟಿಷ್ ಆಳ್ವಿಕೆಯ ವಿರುದ್ಧದ 1916ರ ದಂಗೆಯ ನಂತರ ಗಲ್ಲಿಗಲ್ಲ, ಗುಂಡಿಗೆ ಬಲಿಯಾದವರ ಹೆಸರು ಹೊತ್ತಿವೆ. ಕಿಲ್ಕೆನ್ನಿ ನಿಲ್ದಾಣಕ್ಕೆ ಹೆಸರಾದ ಥಾಮಸ್ ಮ್ಯಾಕ್‌ಡೊನಾ ಕವಿ, ಮೇಷ್ಟ್ರು. ಇದೇ ಊರಿನ ಸೇಂಟ್ ಕೀರನ್ಸ್ ಕಾಲೇಜಿನಲ್ಲಿ ಕೆಲಕಾಲ ಪಾಠ ಹೇಳಿದ್ದವನು.

ನಿಲ್ದಾಣದಿಂದ ಜಾನ್ ಸ್ಟ್ರೀಟ್ ಇಳಿದು ನೋರ್ ನದಿಯ ಸೇತುವೆ ದಾಟಿದರೆ ಎಡಗಡೆ ದಿಬ್ಬದ ಮೇಲೆ ಕೋಟೆ ಕಾಣುತ್ತದೆ. ಎಲ್ಲರೂ ಅಲ್ಲಿಗೇ ನುಗ್ಗುತ್ತಾರೆ. ನೀವು ಬಲಕ್ಕೆ ತಿರುಗಿ ಹೈ ಸ್ಟ್ರೀಟ್ ಹಿಡಿದು, ಮೊದಲು ಕೆಥೆಡ್ರಲ್ ತುದಿಗೆ ನಡೆದುಹೋಗಿ, ಮಧ್ಯಾಹ್ನದ ಮೇಲೆ ಕೋಟೆಗೆ ಮರಳಿ ಎಂಬುದು ನನ್ನ ಸಲಹೆ. ಇದಕ್ಕೆ ಕಾರಣಗಳಿವೆ. ಕೆಥೆಡ್ರಲ್ ಪಕ್ಕದ ದುಂಡು ಗೋಪುರವನ್ನು ಹತ್ತಲು ಹವೆ ಚೆನ್ನಾಗಿರಬೇಕು, ಮೈಯಲ್ಲಿ ಹುರುಪೂ ಇರಬೇಕು. ಬೆಳಗ್ಗೆ ಇವೆರಡೂ ಒಟ್ಟಿಗೆ ಸಿಗುವ ಸಂಭವ ಹೆಚ್ಚು. ಕೋಟೆಯ ಉದ್ಯಾನಕ್ಕಾದರೋ ಟಿಕೆಟ್ ಇಲ್ಲ, ನಿಲ್ದಾಣವೂ ಅಲ್ಲಿಗೆ ಹತ್ತಿರ; ರೈಲಿನ ಹೊತ್ತಿನವರೆಗೆ ಅಲ್ಲಿಯೇ ಕುಳಿತಿರಬಹುದು.

ಹೈ ಸ್ಟ್ರೀಟಿನಲ್ಲಿ ನಡೆಯುವಾಗ ಕಾಲುದಾರಿಯ ಮೇಲೆಯೇ ಕಮಾನುಗಳನ್ನು ಚಾಚಿ ನಿಂತ ಥೋಲ್ಸೆಲ್ ಎಂಬ 1761ರ ಕಟ್ಟಡ ಸಿಗುತ್ತದೆ. ಹಿಂದೆ ಅದು ಸುಂಕದ ಕಟ್ಟೆ, ಈಗ ನಗರಾಡಳಿತದ ಕಚೇರಿ. ಸ್ವಲ್ಪ ಮುಂದೆ ಬಟರ್ ಸ್ಲಿಪ್ ಎಂಬ ಇಕ್ಕಟ್ಟಾದ ಓಣಿ. ಒಂದು ಕಾಲದಲ್ಲಿ ಬೆಣ್ಣೆ ಮಾರುವವರು ಕೂರುತ್ತಿದ್ದ ಜಾಗ. ಮಳೆ ಬಂದರೆ ಬೇಸರಿಸದೆ ನೆಲ ನೋಡಿ. ಈ ಸೀಮೆಯ ಕಪ್ಪು ಕಲ್ಲನ್ನು ಎಲ್ಲರೂ ಅಮೃತಶಿಲೆ ಎಂದೇ ಕರೆಯುತ್ತ ಬಂದಿದ್ದಾರೆ, ಆದರೆ ಅದು ಉಜ್ಜಿದರೆ ಹೊಳೆಯುವ ಸುಣ್ಣಕಲ್ಲು. ಒದ್ದೆಯಾದಾಗ ಅದರೊಳಗಿನ ಬಿಳಿಯ ಪಳೆಯುಳಿಕೆಗಳು ಎದ್ದು ಕಾಣುತ್ತವೆ.

ಪಾರ್ಲಿಮೆಂಟ್ ಸ್ಟ್ರೀಟಿನ ರಾತ್ ಹೌಸ್ ಅನ್ನು ಬಿಡಬೇಡಿ. ಜಾನ್ ರಾತ್ ಎಂಬ ವರ್ತಕ 1594ರಿಂದ 1610ರೊಳಗೆ ಒಂದರ ಹಿಂದೆ ಒಂದರಂತೆ, ನಡುವೆ ಅಂಗಳಗಳನ್ನು ಬಿಟ್ಟು, ಮೂರು ಮನೆಗಳನ್ನು ಕಟ್ಟಿಸಿದ. ಬೀದಿಗೆ ಮುಖ ಮಾಡಿದ ಅಂಗಡಿಯಿಂದ ಹಿಂದಿನ ಊರಗೋಡೆಯವರೆಗೆ ನೀಳವಾಗಿ ಹೋಗುವ ಈ ನಿವೇಶನ, ತೋಟದ ಸಮೇತ ಹಾಗೆಯೇ ಉಳಿದಿದೆ. ಅರಸರ ಕೋಟೆಗಳು ಐರ್ಲೆಂಡ್‌ನಲ್ಲಿ ಬೇಕಾದಷ್ಟಿವೆ. ನಾಲ್ಕು ಶತಮಾನಗಳ ಹಿಂದೆ ಹಣವಂತನಾದ ಪಟ್ಟಣಿಗನೊಬ್ಬ ಹೇಗೆ ಬದುಕಿದ್ದ ಎಂಬುದನ್ನು ತೋರಿಸುವ ಮನೆ ಬಲು ಅಪರೂಪ. ಹಿತ್ತಿಲ ತೋಟದಲ್ಲಿ ಹದಿನೇಳನೆಯ ಶತಮಾನದ ಕ್ರಮದಲ್ಲಿ ತರಕಾರಿ, ಗಿಡಮೂಲಿಕೆ, ಹಣ್ಣಿನ ಮರಗಳನ್ನು ಬೆಳೆಸಿದ್ದಾರೆ.

ಅಲ್ಲಿಂದ ಮುಂದೆ ಬ್ರೆಗಾ ಎಂಬ ಸಣ್ಣ ತೊರೆ ದಾಟಿದರೆ ಐರಿಶ್‌ಟೌನ್. ಊರಿನ ಅರ್ಥ ಬಿಚ್ಚಿಕೊಳ್ಳುವುದು ಇಲ್ಲಿ. ಕೋಟೆಯ ಕಡೆಯದು ನಾರ್ಮನ್ನರು ಮತ್ತು ಅವರ ಬೆನ್ನಿಗೆ ಬಂದ ಇಂಗ್ಲಿಷ್ ವಸಾಹತುಗಾರರ ಪೇಟೆ. ತೊರೆಯ ಈಚೆಯದು ಬಿಷಪ್ಪನ ಅಧೀನದಲ್ಲಿದ್ದ ಹಳೆಯ ಐರಿಶ್ ನೆಲೆ. ಒಂದೇ ಬೀದಿಯ ಎರಡು ತುದಿಗಳಿಗೆ ಬಹುಕಾಲ ಬೇರೆ ಬೇರೆ ಆಡಳಿತಗಳಿದ್ದವು. ಈ ಒಡಕನ್ನು ಕಾನೂನಿನ ರೂಪದಲ್ಲಿ ಬರೆದದ್ದೂ ಇದೇ ಊರಿನಲ್ಲಿ: 1366ರಲ್ಲಿ ಇಲ್ಲಿ ಸೇರಿದ ಪಾರ್ಲಿಮೆಂಟು, ವಸಾಹತುಗಾರರು ಐರಿಶರೊಡನೆ ಮದುವೆ ಸಂಬಂಧ ಬೆಳೆಸಬಾರದು, ಐರಿಶ್ ಭಾಷೆ ಆಡಬಾರದು, ಐರಿಶ್ ನ್ಯಾಯಪದ್ಧತಿಯನ್ನು ಅನುಸರಿಸಬಾರದು, ಕೋಲು ಚೆಂಡಿನ ಹರ್ಲಿಂಗ್ ಆಟವನ್ನೂ ಆಡಬಾರದು ಎಂದು ಕಟ್ಟಳೆ ಮಾಡಿತು. ಎಲ್ಲರೂ ಇಂಗ್ಲಿಷನ್ನೇ ಆಡಬೇಕೆಂದು ಆಜ್ಞಾಪಿಸಿದ ಆ ಶಾಸನವನ್ನು ಬರೆದದ್ದು ಫ್ರೆಂಚಿನಲ್ಲಿ. ಕಟ್ಟಳೆಗೆ ಯಾರೂ ಹೆಚ್ಚು ಬೆಲೆ ಕೊಡಲಿಲ್ಲ ಎಂಬುದಕ್ಕೆ ಇಂದಿನ ಕಿಲ್ಕೆನ್ನಿಯೇ ಸಾಕ್ಷಿ.

ಮೆಟ್ಟಿಲು ಹತ್ತಿದರೆ ಸೇಂಟ್ ಕ್ಯಾನಿಸ್ ಕೆಥೆಡ್ರಲ್. ಕಟ್ಟಡ ಹದಿಮೂರನೆಯ ಶತಮಾನದ್ದು. ಪಕ್ಕದ ದುಂಡು ಗೋಪುರ ಅದಕ್ಕಿಂತ ಕೆಲವು ಶತಮಾನ ಹಳೆಯದು, ಸುಮಾರು 30 ಮೀಟರ್ ಎತ್ತರ. ಐರ್ಲೆಂಡ್‌ನಲ್ಲಿ ಇಂಥ ಗೋಪುರಗಳು ಅನೇಕವಿದ್ದರೂ ಒಳಗೆ ಹತ್ತಿ ತುದಿ ಮುಟ್ಟಬಹುದಾದವು ಬೆರಳೆಣಿಕೆಯಷ್ಟೇ. ಒಳಗಿರುವುದು ಕಡಿದಾದ ಮರದ ಏಣಿಗಳು. ಬೆನ್ನಿನ ಚೀಲ ಕೆಳಗೆ ಬಿಟ್ಟು ಹತ್ತುವುದು ಲೇಸು, ಇಕ್ಕಟ್ಟಾದ ಜಾಗ ಎಂದರೆ ಉಸಿರುಗಟ್ಟುವವರು ಈ ಸಾಹಸಕ್ಕೆ ಕೈಹಾಕದಿರುವುದೇ ಲೇಸು. ಕೆಥೆಡ್ರಲ್ ಒಳಗೆ ಕಪ್ಪು ಕಲ್ಲಿನ ಸಮಾಧಿಗಳ ಮೇಲೆ ಮಲಗಿದ, ಕೋಟೆಯ ಒಡೆಯರಾಗಿದ್ದ ಬಟ್ಲರ್ ಮನೆತನದ ಪಿಯರ್ಸ್ ಮತ್ತು ಮಾರ್ಗರೆಟ್ ದಂಪತಿಗಳ ಪ್ರತಿಮೆಗಳನ್ನು ನಿಧಾನವಾಗಿ ನೋಡಿ. ರಕ್ಷಾಕವಚದ ಸಣ್ಣ ಸಣ್ಣ ಕೆತ್ತನೆಗಳೂ ಉಳಿದಿವೆ. ಇಲ್ಲಿನ ಪೂರ್ವ ದಿಕ್ಕಿನ ಬಣ್ಣದ ಗಾಜಿನ ಕಿಟಕಿ ಎಷ್ಟು ಚೆಲುವಾಗಿತ್ತೆಂದರೆ, 1640ರ ದಶಕದಲ್ಲಿ ಪೋಪರ ರಾಯಭಾರಿಯಾಗಿ ಬಂದ ರಿನುಚ್ಚಿನಿ ಅದಕ್ಕೆ 700 ಪೌಂಡ್ ಕೊಡಲು ಮುಂದಾಗಿದ್ದ, ಊರಿನವರು ಒಪ್ಪಲಿಲ್ಲ ಎಂದು ಹೇಳುತ್ತಾರೆ. ಅದಾದ ಕೆಲವೇ ವರ್ಷಗಳಲ್ಲಿ, 1650ರಲ್ಲಿ, ಇಂಗ್ಲೆಂಡಿನ ಸೇನಾನಿ ಕ್ರಾಮ್‌ವೆಲ್‌ನ ಸೈನ್ಯ ಊರನ್ನು ಹಿಡಿಯಿತು. ಕಿಟಕಿಯೂ ಉಳಿಯಲಿಲ್ಲ, ಚಾವಣಿಯೂ ಉಳಿಯಲಿಲ್ಲ.

ಮರಳುವಾಗ ಹತ್ತಿರದಲ್ಲೇ ಇರುವ ಬ್ಲ್ಯಾಕ್ ಆಬಿಗೆ ಹೋಗಿಬನ್ನಿ. 1225ರಲ್ಲಿ ಡೊಮಿನಿಕನ್ ಸನ್ಯಾಸಿಗಳಿಗಾಗಿ ಸ್ಥಾಪನೆಯಾದ ಈ ಮಠ ಇಂದಿಗೂ ಪ್ರಾರ್ಥನೆ ನಡೆಯುವ ಜಾಗ. ಪೂಜೆಯ ಹೊತ್ತಿನಲ್ಲಿ ಓಡಾಡುವುದು ಸಲ್ಲದು. 1892ರ ರೋಸರಿ ಕಿಟಕಿಯ ಮೂಲಕ ಬಿಸಿಲು ಬಿದ್ದಾಗ ಒಳಗಿನ ನೆಲವೆಲ್ಲ ಬಣ್ಣವಾಗುತ್ತದೆ. 1349ರ ಮಹಾಮಾರಿಯಲ್ಲಿ ಈ ಊರಿನ ಡೊಮಿನಿಕನ್ನರಲ್ಲಿ ಎಂಟು ಮಂದಿ ಸತ್ತರೆಂದು ಬರೆದಿಟ್ಟವನು ನದಿಯ ಪಕ್ಕದ ಇನ್ನೊಂದು ಮಠದ, ಫ್ರಾನ್ಸಿಸ್ಕನ್ ಪಂಥದ, ಜಾನ್ ಕ್ಲಿನ್. ತನ್ನ ಬಳಿಕ ಯಾರಾದರೂ ಬದುಕುಳಿದರೆ ಈ ಬರಹವನ್ನು ಮುಂದುವರಿಸಲಿ ಎಂದು ಅವನು ಚರ್ಮದ ಹಾಳೆಗಳನ್ನು ಖಾಲಿ ಬಿಟ್ಟ. ಆ ಹಸ್ತಪ್ರತಿಯಲ್ಲಿ ಅದರ ನಂತರ, ಲೇಖಕ ಇಲ್ಲಿ ತೀರಿಕೊಂಡಂತೆ ತೋರುತ್ತದೆ ಎಂಬ ಮಾತನ್ನು ಬೇರೊಂದು ಕೈ ಸೇರಿಸಿತು. ಆ ಮಠದ ಅವಶೇಷದ ಸುತ್ತಲೇ ಮುಂದೆ 1710ರಲ್ಲಿ ಹುಟ್ಟಿಕೊಂಡ ಸ್ಮಿಥಿಕ್ಸ್ ಬಿಯರ್ ಕಾರ್ಖಾನೆ ಬೆಳೆಯಿತು. ಅಲ್ಲಿ ತಯಾರಿಕೆ ನಿಂತದ್ದು 2013ರಲ್ಲಿ. ಬಿಯರ್ ಚರಿತ್ರೆ ತೋರಿಸುವ ಪ್ರದರ್ಶನ ಈಗ ಅಲ್ಲಿದೆ. ಒಂದೇ ದಿನ ಇರುವವರು ಅದನ್ನು ಧಾರಾಳವಾಗಿ ಬಿಡಬಹುದು.

ಇನ್ನು ಕೋಟೆ. ನಾರ್ಮನ್ ಸರದಾರ ವಿಲಿಯಂ ಮಾರ್ಷಲ್ ಕಟ್ಟಿಸಿದ ಕಲ್ಲಿನ ಕೋಟೆ 1213ರ ವೇಳೆಗೆ ಸಿದ್ಧವಾಗಿತ್ತು. 1391ರಲ್ಲಿ ಕೊಂಡ ಬಟ್ಲರ್ ಮನೆತನ 1935ರವರೆಗೆ ಇಲ್ಲಿ ವಾಸವಿತ್ತು. ನಾಲ್ಕು ಮೂಲೆಗೆ ನಾಲ್ಕು ಗೋಪುರಗಳಿದ್ದ ಚೌಕದಲ್ಲಿ ಈಗ ಮೂರೇ ಗೋಪುರಗಳಿವೆ, ಒಂದು ಪಕ್ಕ ತೆರೆದೇ ಇದೆ. ಅದೂ 1650ರ ಮುತ್ತಿಗೆಯ ಫಲ. ಕೊನೆಗೆ 1967ರಲ್ಲಿ ಮನೆತನದವರು 50 ಪೌಂಡಿಗೆ ಇಡೀ ಕೋಟೆಯನ್ನು ಊರಿನ ಜನರಿಗೆ ಒಪ್ಪಿಸಿದರು. ಒಳಗಿನ ಕೋಣೆಗಳು ಹತ್ತೊಂಬತ್ತನೆಯ ಶತಮಾನದ ಸಿರಿವಂತ ಬಾಳನ್ನು ತೋರಿಸುವಂತೆ ಅಣಿಯಾಗಿವೆ. ಚಿತ್ರಶಾಲೆಯ ಬಣ್ಣ ಬಳಿದ ಮರದ ಚಾವಣಿ ಒಂದಕ್ಕಾಗಿಯಾದರೂ ಟಿಕೆಟ್ ಕೊಳ್ಳಬಹುದು. ಹಣ ಉಳಿಸಬೇಕಾದರೆ ಒಳಗೆ ಹೋಗದೆ ಉದ್ಯಾನ ಸುತ್ತಿ, ಕೆಳಗೆ ನದಿಯ ದಂಡೆಯ ಕಾಲುವೆ ದಾರಿಯಲ್ಲಿ ನಡೆದರೂ ನಷ್ಟವಿಲ್ಲ. ಹದಿನೆಂಟನೆಯ ಶತಮಾನದಲ್ಲಿ ದೋಣಿ ಸಂಚಾರಕ್ಕೆಂದು ಕಾಲುವೆ ತೋಡಲು ಹೊರಟು ಅರ್ಧಕ್ಕೆ ಕೈಬಿಟ್ಟದ್ದರಿಂದ, ಇಂದಿನವರಿಗೆ ಸೊಗಸಾದ ಕಾಲುದಾರಿ ದಕ್ಕಿತು.

ಡಿಸೆಂಬರಿನಲ್ಲಿ ಸಂಜೆ ನಾಲ್ಕೂಕಾಲರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಜೂನ್‌ನಲ್ಲಿ ರಾತ್ರಿ ಹತ್ತರ ಸುಮಾರಿಗೂ ಬೆಳಕಿರುತ್ತದೆ. ಚಳಿಗಾಲದಲ್ಲಿ ಹೋಗುವುದಾದರೆ ಬೆಳಗಿನ ಮೊದಲ ರೈಲುಗಳಲ್ಲೊಂದನ್ನು ಹಿಡಿಯಲೇಬೇಕು. ಸಾಧ್ಯವಾದರೆ ವಾರದ ನಡುವಿನ ದಿನ ಆರಿಸಿಕೊಳ್ಳಿ. ಮದುವೆಗೆ ಮುಂಚೆ ಗೆಳೆಯರು, ಗೆಳತಿಯರು ಗುಂಪುಗೂಡಿ ಮೋಜು ಮಾಡಲು ಬರುವ ಊರೆಂದು ಕಿಲ್ಕೆನ್ನಿ ಹೆಸರಾಗಿರುವುದರಿಂದ ಶನಿವಾರ ಸಂಜೆ ಬೀದಿಗಳು ಗದ್ದಲವಾಗಿರುತ್ತವೆ. ಭಾನುವಾರ ರೈಲುಗಳು ಕಡಿಮೆ, ಬೆಳಗ್ಗೆ ಕೆಥೆಡ್ರಲ್‌ನಲ್ಲಿ ಆರಾಧನೆ ಇರುತ್ತದೆ.

ಪ್ರಶ್ನೆ: ಕಿಲ್ಕೆನ್ನಿಯ ಜನಸಂಖ್ಯೆ ಮೂವತ್ತು ಸಾವಿರವೂ ಇಲ್ಲವಂತೆ. ಅಷ್ಟು ಸಣ್ಣ ಊರನ್ನು ನಗರ ಎನ್ನುವುದು ಸರಿಯೇ, ಅಥವಾ ಪ್ರವಾಸೋದ್ಯಮದವರ ಉತ್ಪ್ರೇಕ್ಷೆಯೇ?

ಉತ್ತರ: ಉತ್ಪ್ರೇಕ್ಷೆಯಲ್ಲ. ಐರ್ಲೆಂಡ್‌ನಲ್ಲಿ ನಗರ ಎಂಬ ಪಟ್ಟ ಜನಸಂಖ್ಯೆಯಿಂದ ಬಂದದ್ದಲ್ಲ, ಸನ್ನದಿನಿಂದ ಬಂದದ್ದು. ಒಂದನೆಯ ಜೇಮ್ಸ್ ದೊರೆ 1609ರಲ್ಲಿ ಕಿಲ್ಕೆನ್ನಿಗೆ ಆ ಸನ್ನದು ಕೊಟ್ಟ. ಡಬ್ಲಿನ್, ಕಾರ್ಕ್‌ಗಳಿಗಿರುವಂತೆ ಸ್ವತಂತ್ರ ನಗರಸಭೆ ಈಗ ಇದಕ್ಕಿಲ್ಲ, ಕೌಂಟಿ ಕೌನ್ಸಿಲ್ಲೇ ಆಡಳಿತ ನಡೆಸುತ್ತದೆ. ಆದರೂ ನಗರ ಎಂದು ಕರೆದುಕೊಳ್ಳುವ ಹಕ್ಕನ್ನು 2001ರ ಸ್ಥಳೀಯಾಡಳಿತ ಕಾಯಿದೆ ಉಳಿಸಿಕೊಟ್ಟಿತು. 2022ರ ಜನಗಣತಿಯಲ್ಲಿ ಇಲ್ಲಿದ್ದವರು 27 ಸಾವಿರದ ಆಸುಪಾಸು. ಊರಿನವರ ಮುಂದೆ ಇದನ್ನು ಟೌನ್ ಎಂದುಬಿಟ್ಟರೆ ನಗುತ್ತಲೇ ತಿದ್ದುತ್ತಾರೆ.

ಪ್ರಶ್ನೆ: ಕೈಟೆಲರ್ಸ್ ಇನ್ ಎಂಬ ಹಳೆಯ ಹೋಟೆಲಿನ ಒಡತಿ ಮಾಟಗಾತಿಯಾಗಿದ್ದಳೆಂದೂ ಅವಳನ್ನು ಸುಟ್ಟುಹಾಕಿದರೆಂದೂ ಸಹಪಾಠಿಗಳು ಹೇಳುತ್ತಾರೆ. ಇದು ನಡೆದದ್ದೋ, ಗ್ರಾಹಕರನ್ನು ಸೆಳೆಯಲು ಕಟ್ಟಿದ ಕತೆಯೋ?

ಉತ್ತರ: ನಡೆದದ್ದೇ, ಆದರೆ ನಿಮ್ಮ ಸಹಪಾಠಿಗಳು ಹೇಳಿದಂತೆ ಅಲ್ಲ. ಸುಟ್ಟದ್ದು ಒಡತಿಯನ್ನಲ್ಲ, ಅವಳ ಸೇವಕಿಯನ್ನು.

ಆಲಿಸ್ ಕೈಟೆಲರ್ ಬಡ್ಡಿ ವ್ಯವಹಾರದ ಸಿರಿವಂತ ಮನೆತನದವಳು. ನಾಲ್ಕು ಬಾರಿ ಮದುವೆಯಾದವಳು. ಗಂಡಂದಿರು ಸಾಯುತ್ತ ಹೋದಂತೆ ಆಸ್ತಿ ಅವಳಿಗೂ ಅವಳ ಹಿರಿಯ ಮಗನಿಗೂ ಸೇರುತ್ತ ಹೋಯಿತು. ಇತರ ಹೆಂಡಿರಲ್ಲಿ ಆ ಗಂಡಂದಿರಿಗೆ ಹುಟ್ಟಿದ್ದ ಮಕ್ಕಳು ಬರಿಗೈಯಾದರು. ಔಷಧ, ಮಂತ್ರಗಳಿಂದ ತಮ್ಮ ತಂದೆಯರನ್ನು ಮುಗಿಸಿದಳೆಂದು ಅವರು ದೂರಿದಾಗ, ಊರಿನ ಬಿಷಪ್ ರಿಚರ್ಡ್ ಲೆಡ್ರೆಡ್ 1324ರಲ್ಲಿ ಆ ದೂರನ್ನು ಮಾಟ ಮತ್ತು ಧರ್ಮದ್ರೋಹದ ಪ್ರಕರಣವನ್ನಾಗಿ ಬೆಳೆಸಿದ. ಆಲಿಸಳಿಗೆ ದೊಡ್ಡವರ ಬೆಂಬಲವಿತ್ತು. ಅವಳ ಕಡೆಯವರು ಬಿಷಪ್ಪನನ್ನೇ ಕೆಲವು ದಿನ ಸೆರೆಯಲ್ಲಿಟ್ಟರು ಎಂಬುದರಿಂದ ಆ ಬೆಂಬಲದ ಅಳತೆ ತಿಳಿಯುತ್ತದೆ. ಕೊನೆಗೆ ಅವಳು ಊರು ಬಿಟ್ಟು ತಪ್ಪಿಸಿಕೊಂಡಳು, ಮುಂದೆ ಏನಾದಳೆಂಬುದಕ್ಕೆ ದಾಖಲೆಯಿಲ್ಲ. ಮಗ ದಂಡ ತೆತ್ತು, ಕೆಥೆಡ್ರಲ್ಲಿನ ಚಾವಣಿಗೆ ಸೀಸ ಹೊದಿಸುವ ಖರ್ಚನ್ನು ಹೊತ್ತು ಪಾರಾದ. ಹಣವೂ ಇಲ್ಲದ, ಕುಲದ ಬಲವೂ ಇಲ್ಲದ ಸೇವಕಿ ಪೆಟ್ರೊನಿಲ್ಲಾಳನ್ನು ಹೊಡೆದು ಒಪ್ಪಿಸಿ, 1324ರ ನವೆಂಬರ್ 3ರಂದು ಬಹಿರಂಗವಾಗಿ ಸುಟ್ಟರು. ಐರ್ಲೆಂಡ್‌ನಲ್ಲಿ ಧರ್ಮದ್ರೋಹದ ಹೆಸರಿನಲ್ಲಿ ಸುಡಲ್ಪಟ್ಟ ಮೊದಲ ಹೆಂಗಸು ಅವಳೆಂದು ಹೇಳಲಾಗುತ್ತದೆ.

ಇಷ್ಟು ತಿಳಿದುಕೊಂಡು ಆ ಹೋಟೆಲಿಗೆ ಹೋದರೆ ಅಲ್ಲಿನ ಮಾಟಗಾತಿಯ ತಮಾಷೆಗಳು ಸ್ವಲ್ಪ ಸಪ್ಪೆ ಎನಿಸಬಹುದು. ಪ್ರಕರಣದ ಕುರುಹುಗಳನ್ನು ನೋಡಬೇಕೆಂದರೆ ಕೆಥೆಡ್ರಲ್ಲೇ ಸರಿಯಾದ ಜಾಗ. ಕೈಟೆಲರ್ ಮನೆತನದವನೊಬ್ಬನ, ಬಹುಶಃ ಆಲಿಸಳ ತಂದೆಯ, 1280ರ ಸಮಾಧಿ ಫಲಕವೂ ಬಿಷಪ್ ಲೆಡ್ರೆಡ್‌ನ ಸಮಾಧಿಯೂ ಒಂದೇ ಸೂರಿನಡಿ ಇವೆ. ರಿನುಚ್ಚಿನಿ ಕೊಳ್ಳಬಯಸಿದ್ದ ಆ ಗಾಜಿನ ಕಿಟಕಿಯನ್ನು ಹಾಕಿಸಿದ್ದವನೂ ಇದೇ ಲೆಡ್ರೆಡ್.

ಪ್ರಶ್ನೆ: ಬಾಡಿಗೆ ಕೊಟ್ಟ ಮೇಲೆ ಕೈಯಲ್ಲಿ ಉಳಿಯುವುದು ಅಷ್ಟಕ್ಕಷ್ಟೇ. ಈ ಪ್ರವಾಸವನ್ನು ಅಗ್ಗವಾಗಿ ಮುಗಿಸುವ ದಾರಿ ಹೇಳಿ.

ಉತ್ತರ: ಮೊದಲು ಬಸ್ಸು, ಟ್ರಾಮುಗಳಲ್ಲಿ ಪ್ರಯಾಣದರ ಕಟ್ಟಲು ಬಳಸುವ ಲೀಪ್ ಕಾರ್ಡ್ ವಿಚಾರ. ಪೂರ್ಣಾವಧಿ ವಿದ್ಯಾರ್ಥಿಗಳಿಗೂ, 19ರಿಂದ 25 ವಯಸ್ಸಿನವರಿಗೂ ಭಾವಚಿತ್ರವಿರುವ ಪ್ರತ್ಯೇಕ ಲೀಪ್ ಕಾರ್ಡ್ ಇದೆ. ಡಬ್ಲಿನ್ ಬಸ್ಸಿನಲ್ಲಿ ಒತ್ತುವಂತೆ ಕಾರ್ಡನ್ನು ಒತ್ತಿ ಕಿಲ್ಕೆನ್ನಿ ರೈಲು ಹತ್ತಲು ಬರುವುದಿಲ್ಲ. ಕಾರ್ಡಿನ ಕೆಲಸ ಇಲ್ಲಿ ನೀವು ರಿಯಾಯಿತಿಗೆ ಅರ್ಹರೆಂದು ತೋರಿಸುವುದಷ್ಟೇ. ಟಿಕೆಟ್ಟನ್ನು ಐರಿಶ್ ರೈಲ್‌ನ ಜಾಲತಾಣದಲ್ಲಿ ರಿಯಾಯಿತಿ ವರ್ಗ ಆರಿಸಿ ಮುಂಗಡವಾಗಿ ಕೊಂಡು, ಪ್ರಯಾಣದ ದಿನ ಕಾರ್ಡನ್ನು ಜೊತೆಯಲ್ಲಿಟ್ಟುಕೊಳ್ಳಿ. ತಪಾಸಣೆಗೆ ಬಂದವರು ಟಿಕೆಟ್ಟಿನ ಜೊತೆ ಅದನ್ನೂ ಕೇಳುತ್ತಾರೆ. ಮುಂಗಡ ಕಾದಿರಿಸಿದವರಿಗೆ ಆಸನದ ಮೇಲಿನ ಪುಟ್ಟ ಪರದೆಯಲ್ಲಿ ಹೆಸರು ಬರುತ್ತದೆ. ಖಾಸಗಿ ಬಸ್ಸುಗಳೂ ಇವೆ. ಹೊತ್ತು ಹೆಚ್ಚು ಹಿಡಿದರೂ ಕೊನೆಯ ಗಳಿಗೆಯಲ್ಲಿ ಹೊರಡುವವರಿಗೆ ಅವೇ ಅಗ್ಗ.

ನೋಡುವ ಜಾಗಗಳಲ್ಲಿ ಕೋಟೆ ಮಾತ್ರ ಸರ್ಕಾರದ ಲೋಕೋಪಯೋಗಿ ಕಚೇರಿಯ ಉಸ್ತುವಾರಿಯಲ್ಲಿದೆ. ಆ ಕಚೇರಿಯ ಹೆರಿಟೇಜ್ ಕಾರ್ಡ್ ವಿದ್ಯಾರ್ಥಿಗಳಿಗೆ 10 ಯೂರೋ. ವರ್ಷವಿಡೀ ಡಬ್ಲಿನ್‌ನ ಕಿಲ್‌ಮೇನಮ್ ಸೆರೆಮನೆ, ಬಾಯ್ನ್ ಕಣಿವೆಯ ನ್ಯೂಗ್ರೇಂಜ್ ಮುಂತಾದ ಎಷ್ಟೋ ತಾಣಗಳಿಗೆ ಅದೇ ಟಿಕೆಟ್. ಮೂರು ಜಾಗ ನೋಡುವಷ್ಟರಲ್ಲಿ ಕೊಟ್ಟ ಹಣ ಗಿಟ್ಟುತ್ತದೆ, ಆದ್ದರಿಂದ ಓದಲು ಬಂದ ಮೊದಲ ತಿಂಗಳಲ್ಲೇ ಕೊಳ್ಳುವುದು ಜಾಣತನ. ಕೆಥೆಡ್ರಲ್, ರಾತ್ ಹೌಸ್, ಹಳೆಯ ಸೇಂಟ್ ಮೇರಿ ಚರ್ಚಿನೊಳಗಿನ ಮಿಡೀವಲ್ ಮೈಲ್ ಮ್ಯೂಸಿಯಂ ಇವಕ್ಕೆ ಬೇರೆ ಬೇರೆ ಟಿಕೆಟ್. ಎಲ್ಲ ಕಡೆಯೂ ವಿದ್ಯಾರ್ಥಿ ದರ ಕೇಳಿ. ಹಣ ಒಂದಕ್ಕೇ ಇದೆ ಎಂದಾದರೆ ನಾನು ಕೆಥೆಡ್ರಲ್ ಮತ್ತು ಗೋಪುರದ ಜಂಟಿ ಟಿಕೆಟ್ಟಿಗೆ ಕೊಡುತ್ತೇನೆ. ಬ್ಲ್ಯಾಕ್ ಆಬಿಗೂ ಕೋಟೆಯ ಉದ್ಯಾನಕ್ಕೂ ಹಣ ಬೇಕಿಲ್ಲ. ಕೋಟೆಯ ಎದುರು ಹಳೆಯ ಕುದುರೆಲಾಯಗಳಲ್ಲಿರುವ ಕರಕುಶಲ ಕೇಂದ್ರವನ್ನೂ ಪುಕ್ಕಟೆಯಾಗಿ ಸುತ್ತಬಹುದು, ಕೊಳ್ಳುವ ಆಸೆಯನ್ನು ಹತೋಟಿಯಲ್ಲಿಟ್ಟುಕೊಂಡರೆ ಸಾಕು.

ಪ್ರಶ್ನೆ: ನಾನು ಶುದ್ಧ ಸಸ್ಯಾಹಾರಿ. ಚಿಕ್ಕ ಊರಿನಲ್ಲಿ ಊಟಕ್ಕೆ ಪರದಾಡಬೇಕಾದೀತೇ?

ಉತ್ತರ: ಪರದಾಡಬೇಕಿಲ್ಲ, ಪ್ರಶ್ನೆ ಕೇಳಲು ಸಂಕೋಚಪಡಬಾರದು ಅಷ್ಟೇ. ಐರ್ಲೆಂಡ್‌ನ ಉಪಾಹಾರ ಮಂದಿರಗಳಲ್ಲಿ ದಿನದ ಸೂಪ್ ಮತ್ತು ಕಂದು ಬ್ರೆಡ್ಡು ಎಲ್ಲೆಲ್ಲೂ ಸಿಗುತ್ತದೆ. ಆದರೆ ತರಕಾರಿ ಸೂಪ್ ಎಂದ ಮಾತ್ರಕ್ಕೆ ಅದು ಸಸ್ಯಾಹಾರವೆಂದು ತಿಳಿಯಬೇಡಿ. ಕೋಳಿಯ ಮೂಳೆ ಕುದಿಸಿದ ನೀರಿನಲ್ಲಿ ತರಕಾರಿ ಬೇಯಿಸುವ ರೂಢಿ ಉಂಟು. ತಿನಿಸಿನ ಪಟ್ಟಿಯಲ್ಲಿ ಸಣ್ಣ ಅಂಕಿಗಳನ್ನು ನೋಡಿ ಸಮಾಧಾನಪಟ್ಟುಕೊಳ್ಳುವವರೂ ಇದ್ದಾರೆ. ಆ ಅಂಕಿಗಳು ಕಾನೂನಿನ ಪ್ರಕಾರ ತಿಳಿಸಲೇಬೇಕಾದ 14 ಬಗೆಯ ಅಲರ್ಜಿಕಾರಕಗಳಿಗೆ ಸಂಬಂಧಿಸಿದವು. ಗೋಧಿ, ಹಾಲು, ಮೊಟ್ಟೆ, ಮೀನು ಆ ಪಟ್ಟಿಯಲ್ಲಿವೆ. ಕೋಳಿ, ದನ, ಹಂದಿಯ ಮಾಂಸ ಅದರಲ್ಲಿಲ್ಲ. ಹಾಗಾಗಿ ಅಂಕಿ ಇಲ್ಲದಿರುವುದು ಮಾಂಸವಿಲ್ಲ ಎಂಬುದಕ್ಕೆ ಪ್ರಮಾಣವಲ್ಲ. ಆಲೂಗಡ್ಡೆ ಚಿಪ್ಸ್ ಅನ್ನು ದನದ ಕೊಬ್ಬಿನಲ್ಲಿ ಕರಿಯುವ ಅಂಗಡಿಗಳೂ ಇವೆ; ಸೂಪಿನ ನೀರು ಯಾವುದು, ಕರಿಯುವ ಎಣ್ಣೆ ಯಾವುದು ಎಂಬೆರಡನ್ನೂ ನೇರವಾಗಿ ಕೇಳಿ. ಕೇಳಿದವರಿಗೆ ಒಳಗೆ ಹೋಗಿ ವಿಚಾರಿಸಿಕೊಂಡು ಬಂದು ಹೇಳುತ್ತಾರೆ, ಅದನ್ನು ಯಾರೂ ಅಧಿಕಪ್ರಸಂಗ ಎಂದುಕೊಳ್ಳುವುದಿಲ್ಲ.

ಹವೆ ಚೆನ್ನಾಗಿದ್ದರೆ ಸೂಪರ್‌ಮಾರ್ಕೆಟ್ಟಿನಲ್ಲಿ ಬ್ರೆಡ್ಡು, ಹಣ್ಣು, ಮೊಸರು ಕೊಂಡು ಕೋಟೆಯ ಹುಲ್ಲುಹಾಸಿನಲ್ಲಿ ಕುಳಿತು ತಿನ್ನುವುದೇ ನನ್ನ ಆಯ್ಕೆ. ಊರಿನವರೂ ಅಲ್ಲಿ ಅದನ್ನೇ ಮಾಡುತ್ತಾರೆ.

ಪ್ರಶ್ನೆ: ಕಿಲ್ಕೆನ್ನಿಯ ಬದಲು ಡೆರಿಗೆ ಹೋಗೋಣ ಎಂದು ಗೆಳೆಯರು ಒತ್ತಾಯಿಸುತ್ತಿದ್ದಾರೆ. ಡಬ್ಲಿನ್‌ನಿಂದ ನೇರ ಬಸ್ಸಿದೆ, ಗಡಿಯಲ್ಲಿ ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ ಎನ್ನುತ್ತಾರೆ. ನಾನು ಭಾರತೀಯ ಪ್ರಜೆ, ನನ್ನಲ್ಲಿ ಐರ್ಲೆಂಡ್‌ನ ವಿದ್ಯಾರ್ಥಿ ನಿವಾಸದ ಐಆರ್‌ಪಿ ಕಾರ್ಡ್ ಇದೆ. ಹೋಗಬಹುದೇ?

ಉತ್ತರ: ಬ್ರಿಟನ್ನಿನ ವೀಸಾ ಇಲ್ಲದೆ ಹೋಗಬಾರದು. ಡೆರಿ, ಬೆಲ್‌ಫಾಸ್ಟ್, ಆರ್ಮಾ, ನ್ಯೂರಿ ಈ ನಗರಗಳೆಲ್ಲ ಉತ್ತರ ಐರ್ಲೆಂಡ್‌ನಲ್ಲಿವೆ, ಎಂದರೆ ಬ್ರಿಟನ್ನಿನ ಆಡಳಿತಕ್ಕೆ ಸೇರಿವೆ. ಎರಡು ದೇಶಗಳ ನಡುವಿನ ಮುಕ್ತ ಪ್ರಯಾಣದ ಏರ್ಪಾಡು ಕೊಡುವ ಹಕ್ಕು ಆ ಎರಡು ದೇಶಗಳ ಪ್ರಜೆಗಳದು. ಐರ್ಲೆಂಡ್‌ನಲ್ಲಿ ನೆಲೆಸಿರುವ ಭಾರತೀಯ ವಿದ್ಯಾರ್ಥಿಗೆ ಅದು ದಾಟುವುದಿಲ್ಲ. ಭಾರತೀಯರಿಗೆ ಒಂದೇ ವೀಸಾದಲ್ಲಿ ಎರಡೂ ದೇಶ ನೋಡಲು ಅವಕಾಶ ಕೊಡುವ ಯೋಜನೆಯೊಂದಿದೆ ಎಂದು ಕೆಲವರು ವಾದಿಸುತ್ತಾರೆ. ಯೋಜನೆ ಇರುವುದು ನಿಜ, ಆದರೆ ಅದು ಅಲ್ಪಾವಧಿಯ ಭೇಟಿಗೆ ಬರುವವರ ವೀಸಾಗಳಿಗೆ ಸಂಬಂಧಿಸಿದ್ದು, ಓದಲು ಬಂದವರ ದೀರ್ಘಾವಧಿ ವೀಸಾಕ್ಕಲ್ಲ. ಗಡಿಯಲ್ಲಿ ತಪಾಸಣಾ ಕಟ್ಟೆ ಇಲ್ಲದಿರುವುದು ಅನುಮತಿಯಲ್ಲ; ಬಸ್ಸುಗಳನ್ನು ನಿಲ್ಲಿಸಿ ಕಾಗದಪತ್ರ ಕೇಳುವುದು ಆಗಾಗ ನಡೆಯುತ್ತದೆ, ಸಿಕ್ಕಿಬಿದ್ದರೆ ಮುಂದಿನ ವೀಸಾ ಅರ್ಜಿಗಳಿಗೆಲ್ಲ ಅದು ಅಡ್ಡ ಬರುತ್ತದೆ.

ಗೆಳೆಯರಿಗೆ ಕಿಲ್ಕೆನ್ನಿ ಬೇಡವೆನಿಸಿದರೆ ಅದೇ ರೈಲಿನಲ್ಲಿ ಕೊನೆಯವರೆಗೆ ಕುಳಿತು, ವೈಕಿಂಗರು 914ರಲ್ಲಿ ನೆಲೆಯೂರಿದ ವಾಟರ್‌ಫೋರ್ಡ್‌ಗೆ ಹೋಗಬಹುದು. ಪಶ್ಚಿಮಕ್ಕೆ ಹೊರಟರೆ ಲಿಮರಿಕ್, ಗಾಲ್ವೆ ಇವೆ. ಇವೆಲ್ಲ ಐರ್ಲೆಂಡ್ ಗಣರಾಜ್ಯದೊಳಗಿನ ನಗರಗಳಾದ್ದರಿಂದ ನಿಮಗೆ ಹೊಸ ಅನುಮತಿ ಯಾವುದೂ ಬೇಕಿಲ್ಲ. ಐಆರ್‌ಪಿ ಕಾರ್ಡ್ ಮಾತ್ರ ಕಿಸೆಯಲ್ಲಿರಲಿ, ಅಧಿಕಾರಿಗಳು ಕೇಳಿದಾಗ ತೋರಿಸುವುದು ನಿಮ್ಮ ಹೊಣೆ.

ಪ್ರಶ್ನೆ: ಒಂದೇ ದಿನದ ಭೇಟಿಯಲ್ಲಿ ಹರ್ಲಿಂಗ್ ಪಂದ್ಯ ನೋಡಲು ಸಾಧ್ಯವೇ?

ಉತ್ತರ: ದಿನ ಹೊಂದಿಸಿಕೊಂಡರೆ ಸಾಧ್ಯ. ರಾಷ್ಟ್ರೀಯ ಲೀಗ್ ಪಂದ್ಯಗಳು ಚಳಿಗಾಲದ ಕೊನೆಗೂ ವಸಂತದ ಆರಂಭಕ್ಕೂ, ಚಾಂಪಿಯನ್‌ಶಿಪ್ ಪಂದ್ಯಗಳು ಬೇಸಿಗೆಗೂ ಬರುತ್ತವೆ. ಬಹುತೇಕ ಶನಿವಾರ, ಭಾನುವಾರಗಳಲ್ಲೇ. ನೌಲನ್ ಪಾರ್ಕ್ ಕ್ರೀಡಾಂಗಣ ರೈಲು ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ. 1366ರಲ್ಲಿ ಈ ಆಟಕ್ಕೆ ನಿಷೇಧ ಹೇರಿದ ಊರೇ ಅಖಿಲ ಐರ್ಲೆಂಡ್ ಸೀನಿಯರ್ ಹರ್ಲಿಂಗ್ ಪ್ರಶಸ್ತಿಯನ್ನು ಬೇರೆಲ್ಲ ಕೌಂಟಿಗಳಿಗಿಂತ ಹೆಚ್ಚು ಬಾರಿ, 36 ಸಲ, ಗೆದ್ದ ಕೌಂಟಿಯ ರಾಜಧಾನಿಯಾಗಿದೆ. ಟಿಕೆಟ್ಟನ್ನು ಮುಂಚಿತವಾಗಿ ಜಾಲತಾಣದಲ್ಲಿ ಕೊಂಡಿರಬೇಕು, ಗೇಟಿನಲ್ಲಿ ಸಾಮಾನ್ಯವಾಗಿ ಮಾರುವುದಿಲ್ಲ. ಪಂದ್ಯ ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ ನಿಲ್ದಾಣದ ಕಡೆಗೆ ಹೊರಡುವುದರಿಂದ ಮರಳುವ ರೈಲಿನ ಆಸನವನ್ನೂ ಅದರ ಜೊತೆಗೇ ಕಾದಿರಿಸಿ, ಮತ್ತು ಅಂದು ಕೆಥೆಡ್ರಲ್, ರಾತ್ ಹೌಸ್ ಎರಡರಲ್ಲಿ ಒಂದನ್ನು ಬಿಟ್ಟುಕೊಡಲು ಸಿದ್ಧರಾಗಿ.